ಕೈಮೀರಿದವನು

ತಖಿಯಾ ಅರ್ಜಿಯಲ್ಲಿ ಬರೆದದ್ದು ಒಂದೇ ಸಾಲು:
ಮಗ ಕೈಮೀರಿದ್ದಾನೆ, ಕೋರ್ಟೇ ನೋಡಿಕೊಳ್ಳಲಿ.
ಗುಮಾಸ್ತ ಮುದ್ರೆ ಒತ್ತಲಿಲ್ಲ,
ಕಾರಿಡಾರಿನ ತುದಿ ತೋರಿಸಿದ:
ಮೊದಲು ಆ ಬಾಗಿಲು ತಾಯಿ,
ಅಲ್ಲಿ ಆಗದಿದ್ದರೆ ನ್ಯಾಯಾಧೀಶರು.

ಆ ಬಾಗಿಲು ನನ್ನದು.
ಚಿಲಕ ಕೆಟ್ಟು ನಾಲ್ಕು ವರ್ಷ, ಯಾರೂ ಸರಿಮಾಡಿಲ್ಲ.
ನಾನೂ ಕೇಳಿಲ್ಲ.

ಕಡತ ತೆಳ್ಳಗಿತ್ತು.
ನಶ್ವಾನ್, ಹದಿನಾಲ್ಕು.
ಶಾಲೆಗೆ ಗೈರು ನಲವತ್ತೊಂದು ದಿನ,
ಬಂದ ದಿನ ಬೆಂಚಿನ ಮೇಲೆ ನಿದ್ದೆ.
ಫೆಬ್ರವರಿಯ ಒಂದು ರಾತ್ರಿ ಮೂರು ಗಂಟೆಗೆ
ಪಕ್ಕದ ಮನೆ ಸ್ತಾಶೆಕ್‌ನ ಕಾರು,
ಹಿಮದ ಗುಡ್ಡೆಗೆ ಗುದ್ದಿದ ಬಂಪರು.
ಕಾರಣದ ಖಾನೆಯಲ್ಲಿ ಪೊಲೀಸನ ಕೈಬರಹ:
ಬಾಯಿ ಬಿಡಲಿಲ್ಲ.

ಲಾಕವಾನಾ, ಮೊದಲನೇ ವಾರ್ಡು, ಎರಡನೇ ಮಹಡಿ.
ಮೇಜಿನ ಮೇಲೆ ಏಲಕ್ಕಿ ಹಾಕಿ ಕುದಿಸಿದ ಚಹಾ,
ಅದರ ಪಕ್ಕ ನನ್ನ ನೂರಾ ಹನ್ನೆರಡು ಪ್ರಶ್ನೆ.
ಮನೆಯಲ್ಲಿ ಯಾರಾದರೂ ಹೊಡೆಯುತ್ತಾರಾ? ಇಲ್ಲ.
ಊಟಕ್ಕೆ ಕೊರತೆ? ಇಲ್ಲ.
ರಾತ್ರಿ ಎಷ್ಟು ಹೊತ್ತಿಗೆ ಮಲಗುತ್ತೀ?
ಹುಡುಗ ಉಗುರಿನಿಂದ ಮೇಜಿನ ಮೇಣಬಟ್ಟೆ ಕೆರೆದ.

ಉತ್ತರ ತಾಯಿಯದು:
ನಾನು ಆಸ್ಪತ್ರೆಯಲ್ಲಿ ರಾತ್ರಿಯಿಡೀ ಹೊದಿಕೆ ಒಗೀತೀನಿ.
ಬೆಳಿಗ್ಗೆ ಏಳಕ್ಕೆ ಬಂದರೆ ಬಾಗಿಲಲ್ಲಿ ಇವನ ಬೂಟು ಒದ್ದೆ.
ಒದ್ದೆ ಬೂಟಿಗೆ ಏನರ್ಥ, ನೀವೇ ಹೇಳಿ.
ಇವರಪ್ಪ ಇದ್ದಿದ್ದರೆ
ಅಂದವಳು ಅಲ್ಲಿಗೇ ನಿಲ್ಲಿಸಿದಳು.

ಆಗ ಒಳಕೋಣೆಯಿಂದ ಮುಕ್ಬಿಲ್ ಬಂದ.
ಎಂಬತ್ತಮೂರು. ತಲೆಯ ಮೇಲೆ ಹಳದಿ ಹೆಲ್ಮೆಟ್ಟು,
ಕೈಯಲ್ಲಿ ಬುತ್ತಿಯ ಡಬ್ಬಿ, ಡಬ್ಬಿಯಲ್ಲಿ ಏನೂ ಇಲ್ಲ.
ನನ್ನ ಕೊರಳ ಬಿಲ್ಲೆ ನೋಡಿ ಕೇಳಿದ:
ಹಾಜರಿ ಬರೆಯೋಳು ನೀನೇನಾ?
ಈ ಹುಡುಗ ದಿನಾ ನನ್ನ ಜೊತೆ ಗೇಟಿನ ತನಕ ಬರ್ತಾನೆ,
ಒಂದು ಪಾಳಿ ತಪ್ಪಿಸಿಲ್ಲ. ಅವನ ಹೆಸರೂ ಹಾಕ್ಕೋ.
ಒಂದ್ಸಲ ನಾನೇ ಮುಂದೆ ಹೋಗಿಬಿಟ್ಟೆ,
ಕಾರು ತಗೊಂಡು ಹುಡುಕ್ತಾ ಬಂದ, ಪಾಪ.

ಉಕ್ಕಿನ ಕಾರ್ಖಾನೆ ಮುಚ್ಚಿ ನಲವತ್ತು ವರ್ಷ.
ಈಗ ಅಲ್ಲಿ ಸರೋವರದ ದಂಡೆಗೆ ಗಾಳಿಯಂತ್ರ, ಬೇಲಿ, ಬೂದಿಗುಡ್ಡ.

ನಶ್ವಾನ್ ಬಾಯಿ ಬಿಟ್ಟದ್ದು ಸಿಟ್ಟಿನಲ್ಲಿ, ಅಜ್ಜನ ಮೇಲೆ:
ನೀನೇ ಆಣೆ ಹಾಕಿಸಿದ್ದೆ ಅಲ್ವಾ,
ಅಮ್ಮನಿಗೆ ಗೊತ್ತಾದರೆ ಮುದುಕರ ಆಶ್ರಮಕ್ಕೆ ಹಾಕ್ತಾಳೆ ಅಂತ!
ಮನೆಗೆ ಬಂದೊಡನೆ ಅಜ್ಜನ ಬೂಟು ಒರೆಸಿಡುತ್ತಿದ್ದನಂತೆ,
ತನ್ನದಕ್ಕೆ ಹೊತ್ತು ಸಾಲುತ್ತಿರಲಿಲ್ಲ.

ತಖಿಯಾ ಎದ್ದಳು.
ಹಳೆಯ ಪತ್ರಿಕೆ ಹರಿದು ಉಂಡೆ ಕಟ್ಟಿ
ಮಗನ ಬೂಟಿನೊಳಗೆ ತುರುಕತೊಡಗಿದಳು,
ಹಿಮ್ಮಡಿಯ ತನಕ, ಬಿಗಿಯಾಗಿ,
ನಮಗೆ ಬೆನ್ನು ಹಾಕಿ.
ನಾನು ಪ್ರಶ್ನೆಗಳನ್ನು ಮಡಚಿಟ್ಟೆ.

ಕೋರ್ಟಾಗಿದ್ದರೆ ಏಳು ನಿಮಿಷ.
ನಮಗೆ ಹಿಡಿದದ್ದು ಹದಿನಾಲ್ಕು ವಾರ.
ಬಾಗಿಲಿಗೊಂದು ಸದ್ದಿನ ಯಂತ್ರ,
ವಾರಕ್ಕೆ ಮೂರು ರಾತ್ರಿ ಕಾವಲಿಗೆ ಓಡೆಟ್ಟಾ ಎಂಬ ದಾದಿ
(ಅವಳಿಗೂ ಮುದುಕ ಹೆಲ್ಮೆಟ್ಟು ಹಾಕಿಸಿದ).
ಆಸ್ಪತ್ರೆಯವರು ಪಾಳಿ ಬದಲಿಸಲಿಲ್ಲ,
ಎರಡು ಸಲ ಬರೆದೆ, ಈಗ ಮೂರನೆಯದು.
ಶಾಲೆ ಒಪ್ಪಿತು: ಎರಡನೇ ಪಿರಿಯಡಿಗೆ ಬರಲಿ.
ಸ್ತಾಶೆಕ್‌ಗೆ ದುಡ್ಡು ಬೇಡವಂತೆ,
ವಸಂತದ ತನಕ ಅಂಗಳದ ಹಿಮ ಎತ್ತಿಕೊಡಲಿ ಅಂದ,
ಎತ್ತುವಾಗ ಕಿಟಕಿಯಲ್ಲಿ ನಿಂತು ತಪ್ಪು ಹುಡುಕಿದ.
ಹುಡುಗ ಗಣಿತದಲ್ಲಿ ಇನ್ನೂ ತೂಕಡಿಸುತ್ತಾನೆ.
ನಡುವೆ ಒಬ್ಬನ ಮೂಗಿಗೆ ಗುದ್ದಿದ.
ಅದಕ್ಕೆ ಬೇರೆ ಸಭೆ, ಬೇರೆ ಚಹಾ.

ಮಾರ್ಚಿನಲ್ಲಿ ಹಿಮಗಾಳಿ, ಓಡೆಟ್ಟಾ ಬರಲಾಗಲಿಲ್ಲ.
ಯಂತ್ರ ಕೂಗಿತು, ಹುಡುಗ ಎದ್ದ,
ಬೂಟು ಹಾಕುತ್ತಲೇ ತಾಯಿಗೆ ಫೋನು ಮಾಡಿದ:
ಅಮ್ಮಾ, ಹೊರಟಿದ್ದೇವೆ. ಕೈ ಹಿಡ್ಕೊಂಡಿದ್ದೀನಿ.
ಗೇಟು ಮುಟ್ಟಿಸಿ ಐದೇ ನಿಮಿಷದಲ್ಲಿ ತಿರುಗ್ತೀವಿ.

ಮರುದಿನ ಚಿಲಕವಿಲ್ಲದ ನನ್ನ ಬಾಗಿಲು ತಳ್ಳಿ
ತಖಿಯಾ ಬಂದಳು, ಕೋಟಿನ ತುಂಬ ಸೋಪಿನ ವಾಸನೆ.
ಅರ್ಜಿ ವಾಪಸು ತಗೊಳ್ಳೋಕೆ ಎಲ್ಲಿ ಸಹಿ ಹಾಕಲಿ ಅಂದಳು.
ಹಾಕುತ್ತ ಹಾಕುತ್ತ ದೂರು:
ಐದು ನಿಮಿಷ ಅಂದಿದ್ದ,
ನಲವತ್ತಾಯ್ತು. ಟೋಪಿ ಕೂಡ ಹಾಕಿರಲಿಲ್ಲ.
ನೀವಾದರೂ ಸ್ವಲ್ಪ ಬೈಯಿರಿ ಅವನಿಗೆ.